ಪಾವಗಡದ ಹಲ್ಲು, ಮೈಸೂರಿನ ಹಲ್ಲು

ನಾನು ಬಾಯಿ ಮುಚ್ಚಿಕೊಂಡು ನಗುವವನು. ನಮ್ಮ ಮದುವೆಯ ಆಲ್ಬಮ್ಮನ್ನು ಎಷ್ಟು ತಿರುವಿ ಹಾಕಿದರೂ ನನ್ನ ಒಂದು ಹಲ್ಲು ಕಾಣಸಿಗುವುದಿಲ್ಲ. ‘ಸ್ವಲ್ಪ ನಗಿರಿ ಸರ್, ಮದುವೆ ನಿಮ್ಮದೇ’ ಎಂದು ಫೋಟೋ ತೆಗೆಯುವ ಹುಡುಗ ಗೋಗರೆದದ್ದು ಮಾತ್ರ ನೆನಪಿದೆ. ಪಾವಗಡ ತಾಲ್ಲೂಕಿನಲ್ಲಿ ಹುಟ್ಟಿ ಕೊಳವೆಬಾವಿಯ ನೀರು ಕುಡಿದು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡಪಟ್ಟಿಗಳಿವೆ. ಅವು ಉಜ್ಜಿದರೆ ಹೋಗುವಂಥವಲ್ಲ. ಉಪ್ಪು, ಇದ್ದಿಲು, ಇಟ್ಟಿಗೆ ಪುಡಿ, ಪಿಯುಸಿ ಓದುವಾಗ ಒಮ್ಮೆ ಪಾತ್ರೆ ತಿಕ್ಕುವ ಪುಡಿ, ಎಲ್ಲವನ್ನೂ ಹಾಕಿ ಉಜ್ಜಿ ನೋಡಿದ್ದೇನೆ. ವಸಡು ಸುಲಿದು ಬಂತೇ ಹೊರತು ಪಟ್ಟಿ ಅಲುಗಲಿಲ್ಲ.

ನೀರಿನಲ್ಲಿ ಫ್ಲೋರೈಡ್ ಇದೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ. ಅಲ್ಲಿಯವರೆಗೆ ‘ನಮ್ಮ ಕಡೆಯ ಹಲ್ಲೇ ಹಾಗೆ’ ಎಂಬುದು ಊರಿನ ತೀರ್ಮಾನವಾಗಿತ್ತು. ನನ್ನ ತಾತನಿಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಯಾರಾದರೂ ಕರೆದರೆ ಎತ್ತಿನ ಗಾಡಿ ತಿರುಗುವ ಹಾಗೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಅದೂ ಅದೇ ನೀರಿನ ಕೆಲಸ ಎಂದು ತಿಳಿದದ್ದು ಅವರು ಹೋದ ಮೇಲೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ನಮ್ಮ ಊರಿನ ಬಾವಿ ಅದರ ಎರಡರಷ್ಟನ್ನು ಕೊಡುತ್ತಿತ್ತು. ಕುದಿಸಿ ಕುಡಿದರೆ ಸರಿಹೋಗುತ್ತದೆ ಎಂದು ಅಮ್ಮ ಕೆಲವು ವರ್ಷ ನೀರು ಕಾಯಿಸಿದಳು. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಪಾಪ, ಸೌದೆಯೂ ಹೋಯಿತು.

ಹೀಗಾಗಿ ಮೈಸೂರಿನಲ್ಲಿ ಮಗಳು ಹುಟ್ಟಿದಾಗ ನಾನು ಮನಸ್ಸಿನಲ್ಲೇ ಒಂದು ಕಾನೂನು ಜಾರಿ ಮಾಡಿದೆ. ಕುಡಿಯಲು ಕಾವೇರಿ, ಕಬಿನಿಯ ನೀರಿದೆ. ಇನ್ನು ಫ್ಲೋರೈಡ್ ಎಂಬ ಹೆಸರು ಈ ಮನೆಯ ಹೊಸ್ತಿಲು ದಾಟಕೂಡದು. ಅಂಗಡಿಯಲ್ಲಿ ಟೂತ್‌ಪೇಸ್ಟ್ ಡಬ್ಬಗಳನ್ನು ತಿರುಗಿಸಿ, ಕನ್ನಡಕ ಮೇಲೆತ್ತಿ ಸಣ್ಣಕ್ಷರ ಓದಿ, ‘ಫ್ಲೋರೈಡ್ ಇಲ್ಲ’ ಎಂದು ಹಸಿರು ಅಕ್ಷರದಲ್ಲಿ ಬರೆದದ್ದನ್ನೇ ತರುತ್ತಿದ್ದೆ. ಗಿಡಮೂಲಿಕೆಯ ಚಿತ್ರವೂ ಇರುತ್ತಿತ್ತು. ಬಿಲ್ಲು ಕೊಡುವಾಗ ಏನೋ ಒಂದು ಹಳೆಯ ಬಾಕಿಯನ್ನು ತೀರಿಸಿದಂತೆ ಅನ್ನಿಸುತ್ತಿತ್ತು.

ಅವಳಿಗೆ ನಾಲ್ಕೂವರೆ ವರ್ಷವಾಗಿದ್ದಾಗ ಒಂದು ರಾತ್ರಿ ಎರಡು ಗಂಟೆಗೆ ಕೆನ್ನೆ ಹಿಡಿದುಕೊಂಡು ಎದ್ದು ಕೂತಳು. ಅವತ್ತು ಅತ್ತೆ ನಮ್ಮ ಮನೆಯಲ್ಲೇ ಇದ್ದರು. ಲವಂಗ ಜಜ್ಜಿ ಹತ್ತಿಯಲ್ಲಿಟ್ಟರು, ಅವಳು ಉಗಿದಳು. ಬೆಳಗಿನ ಹೊತ್ತಿಗೆ ಅಳು ನಿಂತಿತ್ತು, ಮನೆಯಲ್ಲಿ ತನಿಖೆ ಶುರುವಾಗಿತ್ತು. ಅತ್ತೆಯ ಊರು ನಂಜನಗೂಡು. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿಯಲ್ಲಿ ಬೆರಳದ್ದಿ ಬೆಳೆದವರು. ‘ಹಲ್ಲುಪುಡಿ ಬಿಟ್ಟಿರಿ, ಹಲ್ಲು ಹೋಯಿತು’ ಎಂಬುದು ಅವರ ತೀರ್ಪು. ನನ್ನ ಹೆಂಡತಿಯ ಕಣ್ಣು ನನ್ನ ಅಂಗಿಯ ಜೇಬಿನಲ್ಲಿ ಸದಾ ಇರುವ ಪೆಪ್ಪರಮೆಂಟಿನ ಮೇಲಿತ್ತು. ನನ್ನ ಅಮ್ಮ ಫೋನಿನಲ್ಲಿ, ಊರ ಸಂತೆಗೆ ಬರುವ ಹುಳ ತೆಗೆಯುವವನನ್ನು ನೆನಪಿಸಿದಳು. ನೆಲಗುಳ್ಳದ ಬೀಜ ಸುಟ್ಟು ಕೊಳವೆಯಲ್ಲಿ ಹೊಗೆ ಕೊಟ್ಟರೆ ಹಲ್ಲಿನ ಹುಳಗಳು ಒದ್ದೆ ಬಟ್ಟೆಯ ಮೇಲೆ ಉದುರುತ್ತವಂತೆ. ಹುಡುಗನಾಗಿದ್ದಾಗ ನಾನೂ ಅದನ್ನು ಬೆರಗಿನಿಂದ ನೋಡಿದ್ದೇನೆ. ಹಲ್ಲಿನೊಳಗೆ ಹುಳು ಇರುವುದಿಲ್ಲ ಎಂದು ಈಗ ಗೊತ್ತು. ಆದರೆ ನಮ್ಮ ಭಾಷೆ ಇನ್ನೂ ನಂಬಿಕೊಂಡೇ ಇದೆ. ‘ಹುಳುಕು’ ಎನ್ನುವಾಗಲೆಲ್ಲ ಒಂದು ಹುಳು ಬಾಯಿಂದ ಹೊರಗೆ ಬರುತ್ತದೆ.

ಮೊದಲು ಹೋದದ್ದು ಮನೆಯ ಹತ್ತಿರದ ಒಂದು ದಂತ ಚಿಕಿತ್ಸಾಲಯಕ್ಕೆ. ಅಲ್ಲಿನ ವೈದ್ಯರು ಟಾರ್ಚು ಬಿಟ್ಟು ಅರ್ಧ ನಿಮಿಷ ನೋಡಿ, ‘ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ’ ಎಂದು ನೋವಿನ ಸಿರಪ್ ಬರೆದುಕೊಟ್ಟರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಸಮಾಧಾನವಾಯಿತು. ಏಕೆಂದರೆ ಆರು ತಿಂಗಳ ಹಿಂದೆ ಅದೇ ಹಲ್ಲಿನ ಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಕಂಡಾಗ ನಾನೂ ಇದೇ ಮಾತನ್ನು ಹೆಂಡತಿಗೆ ಹೇಳಿದ್ದೆ.

ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಒಪ್ಪಬಹುದಿತ್ತು, ನಾನು ಹೇಳಬಾರದಿತ್ತು. ಹಾಲುಹಲ್ಲಿನ ಹೆಚ್ಚಿನ ಭಾಗ ತಾಯಿಯ ಹೊಟ್ಟೆಯಲ್ಲಿ ಮತ್ತು ಹುಟ್ಟಿದ ಮೊದಲ ವರ್ಷದೊಳಗೆ ರೂಪುಗೊಂಡಿರುತ್ತದೆ. ಆದ್ದರಿಂದ ಫ್ಲೋರೈಡಿನ ಕಾಟ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ನಮ್ಮ ಊರಿನ ಸಣ್ಣ ಮಕ್ಕಳ ಹಲ್ಲು ಮಲ್ಲಿಗೆ ಮೊಗ್ಗಿನ ಹಾಗೆ ಇರುತ್ತಿತ್ತು. ಆರೇಳು ವರ್ಷಕ್ಕೆ ಅವು ಬಿದ್ದು, ಸುಣ್ಣ ಬಳಿದ ಹಾಗೆ ಮಂಕಾದ ಹೊಸ ಹಲ್ಲು ಬಂದು, ಒಂದೆರಡು ವರ್ಷದಲ್ಲಿ ಕಂದಿಗೆ ತಿರುಗುತ್ತಿತ್ತು. ನಮ್ಮಲ್ಲಿ ಬಿದ್ದ ಹಲ್ಲೇ ಚೆನ್ನಾಗಿದ್ದದ್ದು. ಬೀಳುವುದು ಬೀಳಲಿ, ಹೊಸದು ಬರುತ್ತದೆ ಎಂಬ ಭರವಸೆ ನನ್ನ ಬಾಯಿಯಲ್ಲಿ ಒಮ್ಮೆ ಸುಳ್ಳಾಗಿದೆ. ಆದರೂ ಮಗಳ ಹಲ್ಲಿನ ವಿಷಯದಲ್ಲಿ ಅದನ್ನೇ ಹಿಡಿದುಕೊಂಡಿದ್ದೆ. ಖರ್ಚು ಉಳಿಸುವ ನಂಬಿಕೆಗಳನ್ನು ಮನುಷ್ಯ ಬೇಗ ಬಿಡುವುದಿಲ್ಲ.

ಸಿರಪ್ ಮುಗಿಯುವ ಮೊದಲೇ ಇನ್ನೊಂದು ರಾತ್ರಿ ಅದೇ ಅಳು. ಆಮೇಲೆ ಹೆಂಡತಿ ನನ್ನನ್ನು ಕೇಳದೆ ಮಕ್ಕಳ ದಂತವೈದ್ಯೆಯೊಬ್ಬರ ಬಳಿ ಸಮಯ ನಿಗದಿ ಮಾಡಿದಳು. ಮಕ್ಕಳ ಹಲ್ಲಿಗೇ ಬೇರೆ ವೈದ್ಯರಿದ್ದಾರೆ, ದಂತವೈದ್ಯದ ಪದವಿ ಮುಗಿಸಿದ ಮೇಲೆ ಮೂರು ವರ್ಷ ಮಕ್ಕಳ ಬಾಯಿಯನ್ನೇ ಓದುತ್ತಾರೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಮಗುವಿನ ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಬಂದು ತೋರಿಸಬೇಕಂತೆ. ನಾವು ಮೂರೂವರೆ ವರ್ಷ ತಡ.

ಹೋಗುವ ದಾರಿಯುದ್ದಕ್ಕೂ ನಾನು ‘ಏನೂ ನೋವಾಗುವುದಿಲ್ಲ ಪುಟ್ಟಿ, ಸೂಜಿ ಹಾಕುವುದಿಲ್ಲ’ ಎಂದು ಧೈರ್ಯ ತುಂಬುತ್ತಿದ್ದೆ. ಒಳಗೆ ಹೋದ ಮೇಲೂ ಮುಂದುವರಿಸಿದೆ. ವೈದ್ಯೆ ಮೆಲ್ಲಗೆ ನನ್ನ ಕಡೆ ತಿರುಗಿ, ‘ಸರ್, ಆ ಎರಡು ಮಾತು ನೀವು ಹೇಳದಿದ್ದರೆ ಅವಳಿಗೆ ಹೊಳೆಯುತ್ತಲೇ ಇರಲಿಲ್ಲ. ದಯವಿಟ್ಟು ಆ ಕುರ್ಚಿಯ ಮೇಲೆ ಸುಮ್ಮನೆ ಕೂತಿರಿ’ ಎಂದರು. ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ ಎಂದು ವರ್ಷಗಟ್ಟಲೆ ಹೆದರಿಸಿದವನೂ ನಾನೇ ಎಂದು ಅವರಿಗೆ ಹೇಳಲಿಲ್ಲ. ಗೊತ್ತಾಗಿರಬೇಕು.

ಆ ದಿನ ಅವರು ಚಿಕಿತ್ಸೆ ಎಂದು ಏನನ್ನೂ ಮಾಡಲಿಲ್ಲ. ಮೊದಲು ಹೇಳುವುದು, ಆಮೇಲೆ ತೋರಿಸುವುದು, ಆಮೇಲೆ ಮಾಡುವುದು. ಈ ಕ್ರಮ ಅವರ ಓದಿನಲ್ಲೇ ಇದೆಯಂತೆ. ಪುಟ್ಟ ಕನ್ನಡಿಯನ್ನು ಮೊದಲು ಅವಳ ಕೈಗೆ ಕೊಟ್ಟರು. ನೀರು ಚಿಮ್ಮುವ ನಳಿಗೆಯನ್ನು ಅವಳ ಅಂಗೈಗೆ ಬಿಟ್ಟು ‘ಇದು ಹಲ್ಲಿನ ಶವರ್’ ಎಂದರು. ‘ನೀನು ಎಡಗೈ ಎತ್ತಿದರೆ ನಾನು ನಿಲ್ಲಿಸುತ್ತೇನೆ’ ಎಂದು ಒಪ್ಪಂದವೂ ಆಯಿತು. ಕನ್ನಡಿ ಬಾಯೊಳಗೆ ಹೋದ ಕೂಡಲೇ ಮಗಳು ಕೈ ಎತ್ತಿದಳು. ವೈದ್ಯೆ ಅಲ್ಲಿಗೇ ನಿಲ್ಲಿಸಿದರು. ಮತ್ತೆ ಶುರು ಮಾಡಿದರು, ಮತ್ತೆ ಎತ್ತಿದಳು, ಮತ್ತೆ ನಿಲ್ಲಿಸಿದರು. ಪರೀಕ್ಷೆ ಮಾಡುತ್ತಿದ್ದವಳು ಮಗಳು. ಮೂರನೆಯ ಸಲ ಕೈ ಮೇಲೇಳಲಿಲ್ಲ. ಇಪ್ಪತ್ತು ಹಲ್ಲುಗಳನ್ನೂ ಇಬ್ಬರೂ ಸೇರಿ ಗಟ್ಟಿಯಾಗಿ ಎಣಿಸಿದರು. ನಾಲ್ಕೂವರೆ ವರ್ಷದಲ್ಲಿ ಅವಳು ‘ಬೇಡ’ ಎಂದಾಗ ನಾನು ಎಷ್ಟು ಸಲ ನಿಲ್ಲಿಸಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ನೋವಿದ್ದದ್ದು ಕೆಳಗಿನ ಎರಡನೆಯ ದವಡೆ ಹಲ್ಲಿನಲ್ಲಿ. ಎಕ್ಸ್‌ರೇಯಲ್ಲಿ ಹುಳುಕು ನರದವರೆಗೂ ಇಳಿದಿತ್ತು. ಹಾಲುಹಲ್ಲಿನ ಎನಾಮಲ್ ಎಂಬ ಗಟ್ಟಿ ಹೊರಪದರ ತೆಳ್ಳಗಿರುತ್ತದೆ, ಒಳಗಿನ ನರದ ಕೋಣೆ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ನಮ್ಮ ಹಲ್ಲಿನಲ್ಲಿ ವರ್ಷಗಟ್ಟಲೆ ನಡೆಯುವ ಕೆಲಸ ಇಲ್ಲಿ ತಿಂಗಳುಗಳಲ್ಲಿ ಮುಗಿಯುತ್ತದೆ. ‘ಹೇಗೂ ಬಿದ್ದುಹೋಗುತ್ತದಲ್ಲ’ ಎಂದು ನಾನು ಕೊನೆಯ ಅಸ್ತ್ರ ಬಿಟ್ಟೆ. ‘ಬೀಳುತ್ತದೆ ಸರ್. ಹತ್ತರಿಂದ ಹನ್ನೆರಡು ವರ್ಷದ ನಡುವೆ’ ಎಂದರು.

ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. ಇನ್ನೂ ಆರು ವರ್ಷ. ಅಷ್ಟೇ ಅಲ್ಲ, ಆರನೆಯ ವರ್ಷದ ಸುಮಾರಿಗೆ ಈ ಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ಶಾಶ್ವತ ದವಡೆ ಹಲ್ಲು ಸದ್ದಿಲ್ಲದೆ ಬರುತ್ತದೆ. ಮುಂದೆ ಜಾಗ ಖಾಲಿ ಕಂಡರೆ ಅದು ಅತ್ತ ಸರಿದು ಕೂತುಬಿಡುತ್ತದೆ. ಆಮೇಲೆ ಬರಬೇಕಾದ ಹಲ್ಲಿಗೆ ಜಾಗ ಎಲ್ಲಿದೆ? ಇದನ್ನು ಕೇಳಿದಾಗ ನನಗೆ ಪಾವಗಡದ ಬಸ್ ನಿಲ್ದಾಣ ಕಣ್ಣಿಗೆ ಕಟ್ಟಿತು. ತುಮಕೂರಿನ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತೇವಲ್ಲ, ಹಾಲುಹಲ್ಲು ಅಂಥ ಟವೆಲ್ಲು. ಟವೆಲ್ಲಿಗೆ ಬೆಲೆ ಇಲ್ಲ ಎಂದು ತೆಗೆದು ಬಿಸಾಡಿದರೆ ಅಜ್ಜಿ ತುಮಕೂರಿನವರೆಗೆ ನಿಂತೇ ಹೋಗಬೇಕು. ಹಲ್ಲನ್ನು ಕೀಳಲೇಬೇಕಾಗಿ ಬಂದರೆ ಜಾಗ ಕಾಯಲು ತಂತಿಯ ಒಂದು ಕಟ್ಟು ಹಾಕುತ್ತಾರೆ, ಅದೂ ಟವೆಲ್ಲೇ. ಆದರೆ ಮೂಲ ಟವೆಲ್ಲು ಉಳಿಯುವುದಾದರೆ ಅದೇ ಮೇಲು ಎಂದು ಅವರು ನರದ ಚಿಕಿತ್ಸೆ ಮಾಡಿ ಮೇಲೆ ಸ್ಟೀಲಿನ ಟೋಪಿ ಹಾಕಿದರು.

‘ಹಾಲುಹಲ್ಲಿಗೆ ರೂಟ್ ಕೆನಾಲ್ ಅಂತೆ!’ ಎಂದು ನೆಂಟರಲ್ಲಿ ನಗು ಹರಡಿತು. ನಗುವವರಿಗೆ ಗೊತ್ತಿಲ್ಲದ್ದು ಒಂದಿದೆ. ದೊಡ್ಡವರ ಹಲ್ಲಿನ ಬೇರಿಗೆ ರಬ್ಬರಿನಂಥ ವಸ್ತು ತುಂಬುತ್ತಾರೆ, ಅದು ಕರಗುವುದಿಲ್ಲ. ಹಾಲುಹಲ್ಲಿನ ಬೇರು ಬೀಳುವ ಕಾಲಕ್ಕೆ ತಾನೇ ಕರಗಬೇಕಾದ್ದು. ಆದ್ದರಿಂದ ಅದರೊಂದಿಗೆ ಕರಗುವ ಪೇಸ್ಟನ್ನೇ ತುಂಬಬೇಕು. ಹಿಂದಿನಿಂದ ಬಳಕೆಯಲ್ಲಿರುವ ಅಂಥದೊಂದು ಪೇಸ್ಟಿನಲ್ಲಿ ಸತುವಿನ ಆಕ್ಸೈಡ್ ಪುಡಿಯ ಜೊತೆ ಲವಂಗದೆಣ್ಣೆಯ ಸಾರ ಇರುತ್ತದಂತೆ. ಇದನ್ನು ಅತ್ತೆಗೆ ಹೇಳಿದ ದಿನ ಅವರು ರಾತ್ರಿ ಊಟದವರೆಗೂ ನಮ್ಮೆಲ್ಲರನ್ನೂ ವಿಜಯದ ನೋಟದಿಂದ ನೋಡುತ್ತಿದ್ದರು. ಮಗಳಂತೂ ಹಾಲಿನವನಿಗೂ ಬಾಯಿ ತೆರೆದು ‘ನನಗೆ ಬೆಳ್ಳಿ ಹಲ್ಲು ಇದೆ’ ಎಂದು ತೋರಿಸಿದಳು.

ಇಷ್ಟಾದರೂ ನನ್ನ ಕಥೆಯ ಕಷ್ಟದ ಭಾಗ ಇನ್ನೂ ಬಂದಿಲ್ಲ.

ಎರಡನೆಯ ಭೇಟಿಯಲ್ಲಿ ವೈದ್ಯೆ ಅವಳ ದಿನಚರಿ ಕೇಳಿದರು. ಚಾಕೊಲೇಟು ಎಷ್ಟು ಎಂದಲ್ಲ, ಸಿಹಿ ಬಾಯಿಗೆ ಎಷ್ಟು ಸಲ ಎಂದು. ಬೆಳಗಿನ ಸಕ್ಕರೆ ಹಾಲು, ಶಾಲೆಗೆ ಹೋಗುವಾಗ ಬಿಸ್ಕತ್ತು, ಬಂದ ಮೇಲೆ ಬಾಳೆಹಣ್ಣಿಗೆ ಜೇನು, ಆಟದ ನಡುವೆ ಪೆಪ್ಪರಮೆಂಟು, ಸಂಜೆ ಹಾಲು, ಮಲಗುವಾಗ ಮತ್ತೆ ಹಾಲು. ಆರು ಸಲ. ಎರಡೂವರೆ ವರ್ಷದವರೆಗೆ ರಾತ್ರಿ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ. ಪ್ರತಿ ಸಲ ಸಿಹಿ ಹೋದಾಗಲೂ ಬಾಯಿಯ ಸೂಕ್ಷ್ಮಜೀವಿಗಳು ಆಮ್ಲ ಮಾಡುತ್ತವೆ, ಜೊಲ್ಲು ಅದನ್ನು ತೊಳೆದು ಸರಿಮಾಡಲು ಅರ್ಧ ಗಂಟೆಯಾದರೂ ಬೇಕು. ಒಂದೇ ಸಲಕ್ಕೆ ಎರಡು ಹೋಳಿಗೆ ತಿಂದವಳಿಗಿಂತ ದಿನವಿಡೀ ಒಂದು ಬಿಸ್ಕತ್ತನ್ನು ಚೀಪುವವಳ ಹಲ್ಲು ಬೇಗ ಕೆಡುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಆದ್ದರಿಂದ ರಾತ್ರಿಯ ಹಾಲೇ ಎಲ್ಲಕ್ಕಿಂತ ಕೆಟ್ಟದ್ದು. ಬಾಟಲಿ ಹಾಲಿನ ಗುರುತನ್ನೂ ತೋರಿಸಿದರು: ಮೇಲಿನ ನಾಲ್ಕು ಮುಂದಿನ ಹಲ್ಲುಗಳು ಸವೆದು ಕಂದಾಗಿದ್ದವು, ಕೆಳಗಿನವು ಚೆನ್ನಾಗಿದ್ದವು. ಹಾಲು ಕುಡಿಯುವಾಗ ನಾಲಗೆ ಕೆಳಗಿನ ಹಲ್ಲುಗಳ ಮೇಲೆ ಮುಚ್ಚಿಕೊಂಡಿರುತ್ತದಲ್ಲ.

ಆಮೇಲೆ, ‘ಯಾವ ಪೇಸ್ಟು?’

ನಾನು ಎದೆಯುಬ್ಬಿಸಿ ಹೇಳಿದೆ. ‘ಫ್ಲೋರೈಡ್ ಇಲ್ಲದ್ದೇ ತರುತ್ತೇನೆ ಮೇಡಂ. ಒಮ್ಮೆಯೂ ತಪ್ಪಿಸಿಲ್ಲ.’

ಅವರು ಒಂದು ಕ್ಷಣ ನನ್ನ ಬಾಯನ್ನೇ ನೋಡಿದರು. ಮಾಸ್ಕಿನ ಕಾಲ ಮುಗಿದಿತ್ತು, ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ‘ನಿಮ್ಮದು ಯಾವ ಊರು ಸರ್?’

‘ಪಾವಗಡ.’

‘ಹಾಗೋ’ ಎಂದರು. ಆ ‘ಹಾಗೋ’ದಲ್ಲಿ ಬೈಗುಳ ಇರಲಿಲ್ಲ. ‘ನಿಮ್ಮ ಬಾಯಲ್ಲಿ ಒಂದಾದರೂ ಹುಳುಕು ಇದೆಯೇ?’

ಇರಲಿಲ್ಲ. ನಲವತ್ತು ವರ್ಷ ದಾಟಿದ ನನಗೆ ಇಂದಿಗೂ ಇಲ್ಲ. ಅದನ್ನು ನಾನು ಎಂದೂ ಯೋಚಿಸಿರಲಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವ ಸೀಮೆಯವರು ನಾವು, ಹಲ್ಲಿಗೆ ಕೆಲಸ ಕಡಿಮೆ, ಅದಕ್ಕೇ ಇರಬೇಕು ಎಂದು ತಮಾಷೆ ಮಾಡಿದೆ. ಅವರು ಕಾಗದ ತೆಗೆದುಕೊಂಡು ಲೆಕ್ಕ ಬರೆದರು. ನಮ್ಮ ದೇಶದ ಪೇಸ್ಟಿನಲ್ಲಿ ಫ್ಲೋರೈಡ್ ಹತ್ತು ಲಕ್ಷಕ್ಕೆ ಒಂದು ಸಾವಿರ ಭಾಗ ಮೀರುವಂತಿಲ್ಲ. ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ. ಮೂರರಿಂದ ಆರು ವರ್ಷದ ಮಗುವಿಗೆ ಬಟಾಣಿಯಷ್ಟು ಸಾಕು, ಹೆಚ್ಚೆಂದರೆ ಕಾಲು ಗ್ರಾಂ. ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು. ಬಟಾಣಿಯಷ್ಟನ್ನೂ ನುಂಗಿದರೂ ಹೊಟ್ಟೆಗೆ ಹೋಗುವುದು ಕಾಲು ಮಿಲಿಗ್ರಾಂ. ನಾನು ಚಿಕ್ಕಂದಿನಲ್ಲಿ ಪ್ರತಿ ಲೀಟರ್ ನೀರಿನ ಜೊತೆ ಮೂರು ಮಿಲಿಗ್ರಾಂ ಕುಡಿಯುತ್ತಿದ್ದೆ, ಹತ್ತು ವರ್ಷ. ಪಟ್ಟಿ ಬಿದ್ದದ್ದು ದವಡೆಯೊಳಗೆ ಹಲ್ಲು ತಯಾರಾಗುತ್ತಿದ್ದಾಗ, ರಕ್ತದ ಮೂಲಕ. ಪೇಸ್ಟಿನ ಫ್ಲೋರೈಡ್ ಹುಳುಕು ತಡೆಯುವ ಕೆಲಸ ಮಾಡುವುದು ಹೊರಗೆ ಬಂದ ಹಲ್ಲಿನ ಮೈಮೇಲೆ. ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಮನುಷ್ಯರು ಎನ್ನಲಾಗದು, ಒಬ್ಬನೇ. ಒಳಗೆ ಕರೆಯುವುದೋ ಬಾಗಿಲಲ್ಲಿ ನಿಲ್ಲಿಸುವುದೋ ಎಂಬುದರಲ್ಲಿ ವ್ಯತ್ಯಾಸ.

ಆ ರಾತ್ರಿ ಮಲಗದೆ ಓದಿದೆ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ಹೊಸ ದಂತವೈದ್ಯನಿಗೆ ಅಲ್ಲಿನವರ ಹಲ್ಲುಗಳೆಲ್ಲ ಕಂದಾಗಿ ಕಂಡವು. ಆ ಹಲ್ಲುಗಳು ಹುಳುಕಾಗುವುದೂ ಕಡಿಮೆ ಎಂಬುದು ಆಮೇಲೆ ಅವನ ಗಮನಕ್ಕೆ ಬಂತು. ಕಾರಣ ನೀರಿನಲ್ಲಿದೆ ಎಂಬ ಗುಮಾನಿ ಇದ್ದರೂ, ಅದು ಫ್ಲೋರೈಡ್ ಎಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿಯಲು 1931 ಬರಬೇಕಾಯಿತು. ನಮ್ಮ ಗಡಿಯಾಚೆಯ ಆಂಧ್ರದ ಸೀಮೆಯಲ್ಲಿ ಈ ಕಾಯಿಲೆ ಇದೆಯೆಂದು ವೈದ್ಯರು ಬರೆದದ್ದು 1937ರಲ್ಲಿ, ಅದು ಇನ್ನೂ ಮದ್ರಾಸ್ ಪ್ರಾಂತವಾಗಿದ್ದಾಗ. ನನ್ನ ತಾತ ಆಗ ಹುಡುಗ, ಕುತ್ತಿಗೆ ಇನ್ನೂ ತಿರುಗುತ್ತಿತ್ತು. ಜಗತ್ತಿನ ಹುಳುಕು ತಡೆಯುವ ಪೇಸ್ಟಿನ ಕಥೆ ನನ್ನಂಥವರ ಕಂದು ಹಲ್ಲಿನಿಂದಲೇ ಶುರುವಾಗಿದೆ ಎಂದು ಬೆಳಗಿನ ಜಾವ ನಾಲ್ಕು ಗಂಟೆಗೆ ತಿಳಿದು ಏನು ಮಾಡುವುದೆಂದು ತೋಚದೆ ಕಾಫಿ ಮಾಡಿಕೊಂಡೆ.

ಮೇಲಿನ ಮುಂದಿನ ಹಲ್ಲುಗಳಿಗೆ ವೈದ್ಯೆ ಒಂದು ದಾರಿ ಸೂಚಿಸಿದ್ದರು. ಬೆಳ್ಳಿ ಮತ್ತು ಫ್ಲೋರೈಡ್ ಇರುವ ಒಂದು ದ್ರವ. ಕೊರೆಯುವುದಿಲ್ಲ, ಸೂಜಿ ಇಲ್ಲ. ಒಂದು ಹನಿ ಹಚ್ಚಿದರೆ ಹುಳುಕು ಅಲ್ಲಿಗೇ ನಿಲ್ಲುವ ಸಾಧ್ಯತೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದು ಇದನ್ನೇ. ಇದರಲ್ಲಿ ಫ್ಲೋರೈಡ್ ಹತ್ತು ಲಕ್ಷಕ್ಕೆ 44,800 ಭಾಗ. ಪೇಸ್ಟಿನ ಸಾವಿರಕ್ಕೆ ಹೆದರಿದವನ ಮುಂದೆ ಈ ಅಂಕಿ! ಆದರೆ ನನ್ನನ್ನು ತಡೆದದ್ದು ಅಂಕಿಯಲ್ಲ. ಹಚ್ಚಿದ ಮೇಲೆ ಹುಳುಕಾದ ಜಾಗ ಕಪ್ಪಾಗುತ್ತದೆ. ಮಸಿಯಷ್ಟು ಕಪ್ಪು. ಆ ಹಲ್ಲು ಬೀಳುವವರೆಗೆ, ಅಂದರೆ ಅವಳಿಗೆ ಏಳೆಂಟು ವರ್ಷ ತುಂಬುವವರೆಗೆ ಹೋಗುವುದಿಲ್ಲ.

‘ಬೇಡ’ ಎಂದೆ. ಬಿಳಿ ಟೋಪಿ ಹಾಕಿ, ಅದೆಷ್ಟಾದರೂ ಆಗಲಿ ಎಂದೆ. ಅದೂ ಆಗುತ್ತದೆ, ಆದರೆ ನಾಲ್ಕು ಹಲ್ಲಿಗೂ ಕೊರೆಯಬೇಕು, ಇಷ್ಟು ಸಣ್ಣ ಮಗುವಿಗೆ ಎರಡು ಮೂರು ದಿನದ ಕೆಲಸ ಎಂದರು. (ಖರ್ಚಿನ ಚಿಂತೆ ಇರುವವರಿಗೆ ಒಂದು ಮಾತು: ದಂತ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ವಿಭಾಗ ಇರುತ್ತದೆ. ಅಲ್ಲಿ ಹಣ ಕಡಿಮೆ, ಸಮಯ ಜಾಸ್ತಿ.) ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು: ‘ಕಪ್ಪು ಹಲ್ಲು ಬೇಡ ಎನ್ನುವವರು ನೀವೋ, ಅವಳೋ?’ ಉತ್ತರ ಕೊಡದೆ ಬಟ್ಟೆ ಒಣಹಾಕಲು ಹೋದೆ. ಹೈಸ್ಕೂಲಿನಲ್ಲಿ, ತುಮಕೂರಿನ ಹಾಸ್ಟೆಲಿನಲ್ಲಿ, ಕೆಲಸದ ಸಂದರ್ಶನದಲ್ಲಿ ನಾನು ತುಟಿ ಬಿಗಿ ಹಿಡಿದದ್ದೆಲ್ಲ ಆ ಒದ್ದೆ ಬಟ್ಟೆಗಳ ಜೊತೆ ತಂತಿಯ ಮೇಲೆ ತೂಗಾಡಿತು. ಮಗಳನ್ನೇ ಕೇಳಿದೆವು. ‘ಸೂಜಿ ಇಲ್ಲವಲ್ಲ? ಹಾಗಾದರೆ ಕಪ್ಪು’ ಎಂದಳು, ಐಸ್‌ಕ್ರೀಮಿನ ಬಣ್ಣ ಹೇಳುವ ಹಾಗೆ.

ಹಚ್ಚಲು ಐದು ನಿಮಿಷವೂ ಹಿಡಿಯಲಿಲ್ಲ. ಶಾಲೆಯಲ್ಲಿ ಯಾರೋ ಕೇಳಿದರಂತೆ, ಔಷಧ ಎಂದಳಂತೆ, ಆಟ ಮುಂದುವರಿಯಿತಂತೆ. ಮದುವೆ ಮನೆಗಳಲ್ಲಿ ಮಾತ್ರ ದೊಡ್ಡವರು ‘ಅಯ್ಯೋ, ಇದೇನಾಯಿತು ಹಲ್ಲಿಗೆ’ ಎಂದು ಅವಳ ಗಲ್ಲ ಎತ್ತಿ ನೋಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬೆವರುತ್ತಿದ್ದೆ, ಅವಳು ಇನ್ನಷ್ಟು ಅಗಲವಾಗಿ ಬಾಯಿ ತೆರೆದು ತೋರಿಸುತ್ತಿದ್ದಳು.

ಪೇಸ್ಟು ಬದಲಾಯಿತು. ಮಲಗುವ ಹಾಲು ನಿಂತಿತು, ನಿಲ್ಲಿಸಲು ಹತ್ತು ರಾತ್ರಿ ಯುದ್ಧವಾಯಿತು. ರಾತ್ರಿ ಹಲ್ಲುಜ್ಜಿಸುವುದು ನನ್ನ ಪಾಲಿಗೆ ಬಂತು. ಶೂ ಲೇಸನ್ನು ತಾನೇ ಸರಿಯಾಗಿ ಕಟ್ಟಿಕೊಳ್ಳುವವರೆಗೆ ಮಗುವಿನ ಕೈಗೆ ಹಲ್ಲನ್ನು ಬಿಡಬಾರದು ಎಂದಿದ್ದರು ವೈದ್ಯೆ. ಅವಳ ಹಿಂದೆ ನಿಂತು, ತಲೆಯನ್ನು ನನ್ನ ಹೊಟ್ಟೆಗೆ ಒರಗಿಸಿಕೊಂಡು ಉಜ್ಜುತ್ತೇನೆ. ಉಗಿದ ಮೇಲೆ ನೀರಿನಲ್ಲಿ ಮುಕ್ಕಳಿಸುವಂತಿಲ್ಲ, ಪೇಸ್ಟಿನ ಪಸೆ ಹಲ್ಲಿನ ಮೇಲೆ ಉಳಿಯಬೇಕು. ಬಾಯಿ ಮುಕ್ಕಳಿಸದ ಮಗುವನ್ನು ನೋಡುವುದು ಅತ್ತೆಗೆ ಈಗಲೂ ಆಗುವುದಿಲ್ಲ.

ಈ ವರ್ಷ ಅವಳಿಗೆ ಏಳು. ಬೆಳ್ಳಿ ಹಲ್ಲಿನ ಹಿಂದೆ ಬಂದ ಶಾಶ್ವತ ದವಡೆ ಹಲ್ಲಿನ ಗೀರುಗಳನ್ನು ವೈದ್ಯೆ ಮುಚ್ಚಿ ಕಳಿಸಿದ್ದಾರೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮೇಲಿನ ಕಪ್ಪು ಹಲ್ಲೊಂದು ಅಲುಗಾಡಿ ಉದುರಿತು. ಅಮ್ಮ ಕೊಟ್ಟಿಗೆಯಿಂದ ಸೆಗಣಿ ತಂದು, ಹಲ್ಲನ್ನು ಅದರೊಳಗಿಟ್ಟು ಉಂಡೆ ಮಾಡಿ, ಹೆಂಚಿನ ಮೇಲೆ ಎಸೆಯಲು ಕೊಟ್ಟಳು. ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಡು ಎಂದು ಹೇಳಬೇಕಂತೆ. ‘ಯಾರಿಗೆ ಹೇಳುವುದು ಅಜ್ಜಿ?’ ಎಂದು ಮಗಳು ಕೇಳಿದಳು. ಅಮ್ಮನಿಗೂ ಗೊತ್ತಿರಲಿಲ್ಲ. ಊರಿನಲ್ಲಿ ಈಗ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಮೂರು ದಿನ ಇದ್ದು ಬರುವ ಮೊಮ್ಮಗಳಿಗೆ ಮುಖ ತೊಳೆಯಲೂ ಅಮ್ಮ ಆ ನೀರನ್ನೇ ಕೊಟ್ಟಳು.

ಮೊನ್ನೆ ಭಾನುವಾರ ಮಗಳು ವೈದ್ಯೆಯ ಆಟ ಆಡುತ್ತಿದ್ದಳು. ನಾನು ರೋಗಿ. ಆರಾಮ ಕುರ್ಚಿಯಲ್ಲಿ ಒರಗಿಸಿ, ಮೊಬೈಲಿನ ಟಾರ್ಚು ಹಚ್ಚಿ, ‘ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ’ ಎಂದಳು. ಒಂದರಿಂದ ಎಣಿಸುತ್ತ ಹೋಗಿ ಮೇಲಿನ ಮುಂದಿನ ಹಲ್ಲುಗಳ ಬಳಿ ನಿಂತಳು. ‘ಅಪ್ಪ, ನಿನಗೂ ಆ ಔಷಧ ಹಚ್ಚಿದ್ದರಾ?’

ಇಲ್ಲ, ಇದು ನೀರಿನಿಂದ ಬಂದದ್ದು ಎಂದೆ. ‘ನೀರಿಗೆ ಬಣ್ಣವೇ ಇಲ್ಲವಲ್ಲ’ ಎಂದಳು. ಹೇಳಲು ಹೊರಟೆ. ಕನ್ನಡಿ ಎಂದು ಅವಳು ಹಿಡಿದಿದ್ದ ಚಮಚ ಆಗಲೇ ನನ್ನ ದವಡೆಯ ಕೊನೆಗೆ ಹೋಗಿತ್ತು, ಎಣಿಕೆ ಹದಿನಾಲ್ಕಕ್ಕೆ ಬಂದಿತ್ತು.